ಎಆರ್14 ಹೇಗೆ ಎಆರ್24 ಆಯಿತು

ಸಂಜೆ ಆರೂವರೆಗೆ ಮಂಗಳೂರಿನ ಲಾಲ್‌ಬಾಗಿನಲ್ಲಿ ನಿಂತರೆ ಉಡುಪಿ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಸಿಗುವುದಿಲ್ಲ, ಆದರೆ ಬಸ್ಸು ಸಿಗುತ್ತದೆ. ಎಂಟು ದಾಟಿದರೆ ಸೀಟು ಸಿಗುತ್ತದೆ, ಆದರೆ ಪಡುಬಿದ್ರಿಯಲ್ಲಿ ಇಳಿದಾಗ ನಮ್ಮ ಮನೆ ಕಡೆಗೆ ರಿಕ್ಷಾ ಇರುವುದಿಲ್ಲ. ನಾನು ಸ್ಕ್ರಿಪ್ಟ್ ಬರೆಯಲು ಕಲಿತದ್ದಕ್ಕೆ ಇಷ್ಟೇ ಕಾರಣ. ಕಂಪ್ಯೂಟರ್ ಮೇಲಿನ ಪ್ರೀತಿ ಗೀತಿ ಏನಿಲ್ಲ.

ಬಿಜೈಯಲ್ಲಿ ಒಂದು ಸಣ್ಣ ಆಫೀಸಿನಲ್ಲಿ ನಾನು ಡ್ರಾಫ್ಟಿಂಗ್, ಅಂದರೆ ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸ, ಮಾಡುತ್ತೇನೆ. ನಾವು ನಾಲ್ಕೇ ಜನ. ಸರ್, ಸ್ಟ್ರಕ್ಚರ್ ನೋಡುವ ಇನ್ನೊಬ್ಬರು, ನಾನು, ಮತ್ತೆ ಡಿಪ್ಲೊಮಾ ಮುಗಿಸಿ ಬಂದ ಒಬ್ಬ ಹುಡುಗ. ಹೆಚ್ಚಾಗಿ ಮನೆಗಳ ಕೆಲಸ. ಆಗಾಗ ಒಂದು ಅಪಾರ್ಟ್‌ಮೆಂಟ್. 2022ರಲ್ಲಿ ಅಂಥದ್ದೊಂದು ಬಂತು. ನೆಲಮಹಡಿ, ಅದರ ಮೇಲೆ ನಾಲ್ಕು. ಆರ್ಕಿಟೆಕ್ಚರ್ ಶೀಟ್‌ಗಳೇ 38. ಎಆರ್01ರಿಂದ ಎಆರ್38, ಎಲ್ಲ ಎ1 ಸೈಜು.

ಸರ್ ಅವರಿಗೆ ಒಂದು ಅಭ್ಯಾಸ ಉಂಟು. ಸಂಜೆ ಐದಕ್ಕೆ ಸೈಟಿನಿಂದ ಬಂದು, ಚಾ ಕುಡಿದು, ಗ್ಲಾಸು ಕೆಳಗಿಟ್ಟು ಹೇಳುತ್ತಾರೆ: "ರಿವಿಜನ್ ಹಾಕಿ ಎಲ್ಲ ಶೀಟ್ ಒಮ್ಮೆ ಪಿಡಿಎಫ್ ಮಾಡಿ ಇಡಿ ಆಯ್ತಾ, ನಾಳೆ ಬೆಳಿಗ್ಗೆ ಸೈಟಿಗೆ ಬೇಕು."

'ಒಮ್ಮೆ' ಅಂದರೆ ಏನು ಅಂತ ಮಾಡುವವರಿಗೇ ಗೊತ್ತು. ಫೈಲ್ ತೆರೆಯಬೇಕು. ಟೈಟಲ್ ಬ್ಲಾಕ್‌ನಲ್ಲಿ (ಶೀಟಿನ ವಿವರ ಬರೆಯುವ ಚೌಕಟ್ಟು ಅದು) ರಿವಿಜನ್ ನಂಬರ್, ಅಂದರೆ ಎಷ್ಟನೇ ತಿದ್ದುಪಡಿ ಅನ್ನುವುದನ್ನು, ತಿದ್ದಬೇಕು. ಕಂಟ್ರೋಲ್ ಪಿ. ಪ್ಲಾಟರ್ (ನಕ್ಷೆ ಮುದ್ರಿಸುವ ದೊಡ್ಡ ಪ್ರಿಂಟರ್) ಹೆಸರು ಆರಿಸಬೇಕು, ಪೇಪರ್ ಸೈಜ್ ಆರಿಸಬೇಕು, ಗೆರೆಯ ದಪ್ಪ ಹೇಳುವ ಪೆನ್ ಫೈಲ್ ಸರಿ ಇದೆಯಾ ನೋಡಬೇಕು, ಪ್ರಿವ್ಯೂ, ಓಕೆ, ಹೆಸರು ಕೊಡಬೇಕು, ಕಾಯಬೇಕು, ಸೇವ್, ಕ್ಲೋಸ್. ಒಂದಕ್ಕೆ ಎರಡೂವರೆ ನಿಮಿಷ. 38ಕ್ಕೆ 95 ನಿಮಿಷ. ಅದೂ ಮಧ್ಯದಲ್ಲಿ ಫೋನ್ ಬರದಿದ್ದರೆ. ಇಪ್ಪತ್ತನೇ ಶೀಟ್ ದಾಟುವಾಗ ಕೈ ತನ್ನಷ್ಟಕ್ಕೆ ಒತ್ತುತ್ತಿರುತ್ತದೆ, ಕಣ್ಣು ಗಡಿಯಾರದ ಮೇಲೆ. ಹಾಗಾಗಿಯೇ ಮೂವತ್ತರ ಆಚೆಯ ಶೀಟ್‌ಗಳಲ್ಲಿ ಒಂದಾದರೂ ತಪ್ಪು ಪೇಪರ್ ಸೈಜಿನಲ್ಲಿ ಹೋಗಿಯೇ ಹೋಗುತ್ತಿತ್ತು.

ನಾನು 2003ರಲ್ಲಿ ಕೆಲಸಕ್ಕೆ ಸೇರಿದಾಗ ಆ ಆಫೀಸಿನಲ್ಲಿ ಕಂಪ್ಯೂಟರ್ ಇತ್ತು, ಆದರೆ ಡ್ರಾಯರ್ ತುಂಬ ಹಳೆಯ ಟ್ರೇಸಿಂಗ್ ಶೀಟ್‌ಗಳೂ ಇದ್ದವು. ಹಳೆಯ ಕಟ್ಟಡದ ಕೆಲಸ ಬಂದರೆ ಆ ಟ್ರೇಸಿಂಗನ್ನೇ ಹೊರಗೆ ತೆಗೆದು, ಬ್ಲೇಡಿನಿಂದ ಗೆರೆ ಕೆರೆದು, ರೋಟ್ರಿಂಗ್ ಪೆನ್ನಿನಲ್ಲಿ ತಿದ್ದುತ್ತಿದ್ದೆವು. ಮಳೆಗಾಲದಲ್ಲಿ ಇಂಕು ಒಣಗುವುದೇ ಇಲ್ಲ. ಅಂಗೈ ತಾಗಿದರೆ ಮುಗಿಯಿತು, ಗೋಡೆ ಒಂದಡಿ ದಪ್ಪ. ಅಮೋನಿಯಾ ಪ್ರಿಂಟಿನ ವಾಸನೆ ಮೂಗಿನಲ್ಲಿ ಸಂಜೆವರೆಗೂ ಕೂತಿರುತ್ತಿತ್ತು. ಆದರೆ ಒಂದು ಮಾತು ಹೇಳಬೇಕು. ಆಗ ಒಂದು ಶೀಟ್ ಅಂದರೆ ಒಂದೇ ಶೀಟ್. ರಿವಿಜನ್ ನಂಬರ್ ಬರೆಯುವುದು ಒಂದು ಸಲ, ಅದರಿಂದ ಆರು ಪ್ರಿಂಟ್ ತೆಗೆದರೆ ಆರರಲ್ಲೂ ಅದೇ. ಇವತ್ತಿನ ಹಾಗೆ 'ಫೈನಲ್', 'ಫೈನಲ್ ನ್ಯೂ', 'ಫೈನಲ್ ನ್ಯೂ 2' ಅಂತ ಮೂರು ಟ್ರೇಸಿಂಗ್ ಯಾರೂ ಮಾಡುತ್ತಿರಲಿಲ್ಲ. ಕೈ ನೋಯುತ್ತಿತ್ತಲ್ಲ, ಅದಕ್ಕೆ.

ಸರಿ, ಸ್ಕ್ರಿಪ್ಟ್ ವಿಷಯಕ್ಕೆ ಬರುತ್ತೇನೆ. ಆಗ ನಮ್ಮಲ್ಲಿದ್ದದ್ದು ಆಟೋಕ್ಯಾಡ್ ಎಲ್‌ಟಿಯ ಹಳೆಯ ವರ್ಷನ್. ಆಟೋಕ್ಯಾಡ್ ಅಂದರೆ ನಕ್ಷೆ ಬಿಡಿಸುವ ಸಾಫ್ಟ್‌ವೇರ್, ಎಲ್‌ಟಿ ಅಂದರೆ ಅದರ ಕಡಿಮೆ ಸೌಲಭ್ಯದ ರೂಪ. ಆಟೋಕ್ಯಾಡಿಗೆ ಪ್ರೋಗ್ರಾಂ ಬರೆಯುವ ಭಾಷೆ ಆಟೋಲಿಸ್ಪ್, ಅದು ಆ ಎಲ್‌ಟಿಯಲ್ಲಿ ಇರಲಿಲ್ಲ, ಹಾಗಾಗಿ ಏನೂ ಮಾಡಲಿಕ್ಕೆ ಆಗುವುದಿಲ್ಲ ಅಂತಲೇ ನಾನು ನಂಬಿದ್ದೆ. ಆದರೆ ಸ್ಕ್ರಿಪ್ಟ್ ಫೈಲ್ ಎಲ್‌ಟಿಯಲ್ಲೂ ನಡೆಯುತ್ತದೆ. ಸ್ಕ್ರಿಪ್ಟ್ ಅಂದರೆ ದೊಡ್ಡ ಪ್ರೋಗ್ರಾಂ ಅಂತ ಹೆದರಬೇಡಿ. ನೋಟ್‌ಪ್ಯಾಡ್‌ನಲ್ಲಿ ಬರೆದ ಸಾದಾ ಪಠ್ಯ, ಹೆಸರಿನ ಕೊನೆಗೆ ಎಸ್‌ಸಿಆರ್ ಅಂತ ಇರಬೇಕು, ಅಷ್ಟೇ. ನೀವು ಕಮಾಂಡ್ ಲೈನ್‌ನಲ್ಲಿ ಏನೇನು ಟೈಪ್ ಮಾಡುತ್ತೀರೋ ಅದನ್ನೇ ಸಾಲು ಸಾಲಾಗಿ ಬರೆದಿಡುವುದು. ಸ್ಕ್ರಿಪ್ಟ್ ಅಂತ ಕಮಾಂಡ್ ಕೊಟ್ಟು ಆ ಫೈಲ್ ತೋರಿಸಿದರೆ ಆಟೋಕ್ಯಾಡ್ ಒಂದೊಂದೇ ಸಾಲು ಓದಿ ನಡೆಸುತ್ತದೆ.

ಒಂದೇ ತೊಂದರೆ, ಅಲ್ಲಿ ಸ್ಪೇಸ್ ಅಂದರೂ ಎಂಟರ್, ಹೊಸ ಸಾಲು ಅಂದರೂ ಎಂಟರ್. ಸುಮ್ನೆ ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ಶುರುವಾಗುತ್ತದೆ ಅಂತ ಕ್ಯಾಡ್ ಮಾಡುವವರಿಗೆಲ್ಲ ಗೊತ್ತು. ಈಗ ನೀವು ಪ್ಲಾಟ್, ಅಂದರೆ ಪ್ರಿಂಟ್ ಮಾಡುವ ಕಮಾಂಡ್, ಮುಗಿಸುವ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಬಿಟ್ಟಿರಿ ಅಂದುಕೊಳ್ಳಿ. ಪ್ಲಾಟ್ ಮುಗಿಯಿತು, ಆ ಸ್ಪೇಸಿಗೆ ಇನ್ನೊಂದು ಪ್ಲಾಟ್ ಶುರುವಾಯಿತು. ಮುಂದಿನ ಸಾಲಿನಲ್ಲಿರುವ ಸೇವ್ ಅನ್ನುವ ಪದವನ್ನು ಅದು ಪ್ಲಾಟಿನ ಮೊದಲ ಪ್ರಶ್ನೆಗೆ ಉತ್ತರ ಅಂತ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಎಲ್ಲ ಉತ್ತರವೂ ಒಂದೊಂದು ಮನೆ ಜಾರಿರುತ್ತದೆ. ನೋಡಲಿಕ್ಕೆ ಒಳ್ಳೆ ತಮಾಷೆ, ನಿಮ್ಮ ಫೈಲ್ ಅಲ್ಲದಿದ್ದರೆ. ಕೊನೆಯ ಸಾಲಿನ ನಂತರ ಒಂದು ಹೊಸ ಸಾಲು ಬಿಡದಿದ್ದರೆ ಉಲ್ಟಾ ತೊಂದರೆ, ಕೊನೆಯ ಕಮಾಂಡ್ ಟೈಪ್ ಆಗಿ ಎಂಟರಿಗೆ ಕಾಯುತ್ತಾ ಹಾಗೇ ನಿಂತಿರುತ್ತದೆ. ಫೈಲ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಉದ್ಧರಣ ಚಿಹ್ನೆ ಹಾಕಲೇಬೇಕು. ನಮ್ಮ 'ಫೈನಲ್ ನ್ಯೂ 2' ಇಲ್ಲಿಯೇ ಮೊದಲು ಬಿದ್ದದ್ದು.

ಬರೆಯುವ ಉಪಾಯ ಸುಲಭ. ಪ್ಲಾಟ್ ಅಂದರೆ ಕಿಟಕಿ ತೆರೆಯುತ್ತದೆ. ಅದರ ಮುಂದೆ ಒಂದು ಹೈಫನ್ ಹಾಕಿದರೆ ಕಿಟಕಿ ಬರುವುದಿಲ್ಲ, ಕಮಾಂಡ್ ಲೈನ್‌ನಲ್ಲೇ ಒಂದೊಂದು ಪ್ರಶ್ನೆ ಕೇಳುತ್ತದೆ. ವಿವರವಾಗಿ ಹೇಳುತ್ತೀರಾ, ಯಾವ ಲೇಔಟ್ (ಪ್ರಿಂಟಿಗೆ ಜೋಡಿಸಿಟ್ಟ ಪುಟ), ಯಾವ ಪೇಜ್ ಸೆಟಪ್, ಯಾವ ಪ್ಲಾಟರ್, ಹೀಗೆ. ಒಂದು ಶೀಟನ್ನು ಕೈಯಾರೆ ಹಾಗೆ ಮಾಡಿ, ಎಫ್2 ಒತ್ತಿದರೆ ಕೇಳಿದ್ದು ಕೊಟ್ಟದ್ದು ಎಲ್ಲ ಅಲ್ಲೇ ಇರುತ್ತದೆ. ನಿಮ್ಮ ಉತ್ತರಗಳನ್ನು ಮಾತ್ರ ಹೆಕ್ಕಿ ನೋಟ್‌ಪ್ಯಾಡಿಗೆ ಹಾಕಿದರೆ ಒಂದು ಶೀಟಿನ ಸ್ಕ್ರಿಪ್ಟ್ ಆಯಿತು. 38 ಶೀಟಿಗೆ ಬೇಕಲ್ಲ? ಅದಕ್ಕೆ ಎಕ್ಸೆಲ್. ಒಂದು ಕಾಲಂನಲ್ಲಿ ಫೈಲ್ ಹೆಸರು, ಪಕ್ಕದಲ್ಲಿ ಫಾರ್ಮುಲಾ ಹಾಕಿ ಹೆಸರನ್ನು ಸಾಲುಗಳ ಮಧ್ಯೆ ಸೇರಿಸುವುದು, ಕೆಳಗೆ ಎಳೆಯುವುದು, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕುವುದು. ಮದುವೆ ಕಾಗದಕ್ಕೆ ವಿಳಾಸ ಪ್ರಿಂಟ್ ಮಾಡುವ ಹಾಗೆಯೇ.

ಒಂದು ಎಚ್ಚರ. ಪಿಡಿಎಫ್ ಮಾಡುವಾಗ ಕೇಳುವ ಪ್ರಶ್ನೆ ಮತ್ತು ನಿಜವಾದ ಪ್ಲಾಟರಿಗೆ ಕಳಿಸುವಾಗ ಕೇಳುವ ಪ್ರಶ್ನೆ ಒಂದೇ ಅಲ್ಲ. ಪಿಡಿಎಫ್ ಆದರೆ ನೇರ ಫೈಲ್ ಹೆಸರು ಕೇಳುತ್ತದೆ. ಪ್ಲಾಟರ್ ಆದರೆ ಮೊದಲು ಫೈಲಿಗೆ ಬರೆಯಬೇಕಾ ಅಂತ ಕೇಳುತ್ತದೆ. ಹಾಗಾಗಿ ಒಂದರ ಸ್ಕ್ರಿಪ್ಟ್ ಇನ್ನೊಂದಕ್ಕೆ ಆಗುವುದಿಲ್ಲ. ನಮ್ಮ ಆಫೀಸಿನಲ್ಲಿ ದೊಡ್ಡ ಪ್ಲಾಟರ್ ಇಲ್ಲ, ಪಿಡಿಎಫ್ ಮಾಡಿ ಹೊರಗೆ ಪ್ರಿಂಟ್ ಅಂಗಡಿಗೆ ಕೊಡುವುದು. ಎ1 ಅಗಲ 594 ಮಿಲಿಮೀಟರ್, 24 ಇಂಚಿನ ರೋಲಿನಲ್ಲಿ ಸರಿಯಾಗಿ ಕೂರುತ್ತದೆ. ಅಂಗಡಿಯ ಅಣ್ಣನಿಗೆ ನಾವು ಎ1 ಬಿಟ್ಟು ಬೇರೆ ಏನು ಕೊಟ್ಟರೂ ಇಷ್ಟವಿಲ್ಲ, ರೋಲ್ ಬದಲಿಸಬೇಕಲ್ಲ.

ಮೊದಲ ಸ್ಕ್ರಿಪ್ಟ್ ಓಡಿಸಿದ ದಿನ ಒಂಬತ್ತನೇ ಶೀಟಿನಲ್ಲಿ ನಿಂತಿತು. ನಾನು ಎಸ್ಕೇಪ್ ಒತ್ತಿ, ಉಳಿದದ್ದನ್ನು ಕೈಯಾರೆ ಮಾಡಿ, ಓಡಿ ಬಸ್ಸು ಹಿಡಿದೆ. ಮರುದಿನ ಬೆಳಿಗ್ಗೆ ಮೂಲ್ಕಿ ಹತ್ತಿರ ಬರುವಾಗ ಹುಡುಗನ ಫೋನ್. "ಅಕ್ಕಾ, ನಿಮ್ಮ ಕಂಪ್ಯೂಟರಿನಲ್ಲಿ ಫೈಲೇ ಓಪನ್ ಆಗುದಿಲ್ಲ. ಓಪನ್ ಒತ್ತಿದರೆ ಎಂತ ಕಿಟಕಿಯೂ ಬರುದಿಲ್ಲ. ವೈರಸ್ಸಾ ಎಂತ?"

ವೈರಸ್ ಅಲ್ಲ, ನಾನೇ. ಎಲ್ಲೋ ಓದಿದ್ದನ್ನು ನಂಬಿ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಫೈಲ್‌ಡಯಾ 0 ಅಂತ ಹಾಕಿದ್ದೆ. ಹಾಗೆ ಮಾಡಿದರೆ ಫೈಲ್ ಆರಿಸುವ ಕಿಟಕಿ ಬರುವುದಿಲ್ಲ, ಕಮಾಂಡ್ ಲೈನ್‌ನಲ್ಲೇ ಹೆಸರು ಕೇಳುತ್ತದೆ. ಕೊನೆಯ ಸಾಲಿನಲ್ಲಿ ಅದನ್ನು ಮತ್ತೆ 1 ಮಾಡುವುದು ಅಂತ ಬರೆದಿದ್ದೆ. ಸ್ಕ್ರಿಪ್ಟ್ ಒಂಬತ್ತಕ್ಕೇ ಸತ್ತ ಮೇಲೆ ಕೊನೆಯ ಸಾಲು ಎಲ್ಲಿಂದ ಬರಬೇಕು? ಆ ಸೆಟ್ಟಿಂಗ್ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಆಟೋಕ್ಯಾಡ್ ಮುಚ್ಚಿ ತೆರೆದರೂ ಹೋಗುವುದಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಹೇಳಿದೆ, "ಫೈಲ್‌ಡಯಾ ಅಂತ ಟೈಪ್ ಮಾಡಿ ಎಂಟರ್, ಆಮೇಲೆ ಒಂದು, ಎಂಟರ್." ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಮಂತ್ರವಾದಿಯ ಹಾಗೆ ನೋಡಿದರು. ದೊಡ್ಡ ತಮಾಷೆ ಎಂದರೆ, ಸ್ಕ್ರಿಪ್ಟ್ ಓಡುತ್ತಿರುವಾಗ ಆಟೋಕ್ಯಾಡ್ ಹೇಗೂ ಆ ಕಿಟಕಿ ತೋರಿಸುವುದಿಲ್ಲ, ಹೆಸರನ್ನು ಕಮಾಂಡ್ ಲೈನ್‌ನಲ್ಲೇ ಕೇಳುತ್ತದೆ. ಆ ಸಾಲು ಬೇಕಾಗಿಯೇ ಇರಲಿಲ್ಲ.

ಒಂಬತ್ತನೇ ಶೀಟಿನಲ್ಲಿ ನಿಂತದ್ದು ಯಾಕೆ ಅಂತ ನೋಡಿದಾಗ ನಿಜವಾದ ಕೆಲಸ ಗೊತ್ತಾಯಿತು. ಸ್ಕ್ರಿಪ್ಟಿನಲ್ಲಿ ಲೇಔಟಿನ ಹೆಸರು 'ಎ1' ಅಂತ ಬರೆದಿದ್ದೆ. ಎಂಟು ಶೀಟ್‌ನಲ್ಲಿ ಹಾಗೇ ಇತ್ತು. ಒಂಬತ್ತನೆಯದರಲ್ಲಿ 'ಲೇಔಟ್1'. ಎಲ್ಲ 38 ತೆರೆದು ನೋಡಿದೆ. 'ಪ್ರಿಂಟ್' ಅಂತ ಒಂದಷ್ಟು, 'ಎ1 ಫೈನಲ್' ಅಂತ ಎರಡು. ಒಂದರಲ್ಲಿ ಲೇಔಟೇ ಇಲ್ಲ, ನಕ್ಷೆ ಗೀಚುವ ಜಾಗವಾದ ಮಾಡೆಲ್‌ನಲ್ಲೇ ಬಾರ್ಡರ್ ಹಾಕಿ, ಅಷ್ಟು ಭಾಗ ಮಾತ್ರ ಆರಿಸಿ ಪ್ರಿಂಟ್ ತೆಗೆದದ್ದು. ಅದು ನಂದೇ, ಯಾರನ್ನೂ ದೂರುವ ಹಾಗಿಲ್ಲ. ಐದು ಶೀಟ್‌ನಲ್ಲಿ ಟೈಟಲ್ ಬ್ಲಾಕನ್ನು ಯಾರೋ ಎಕ್ಸ್‌ಪ್ಲೋಡ್ ಮಾಡಿದ್ದರು. ಬ್ಲಾಕನ್ನು ಹಾಗೆ ಒಡೆದರೆ ಅದರಲ್ಲಿ ತುಂಬಿದ್ದ ಬರಹ ಹೋಗಿ ಬರೀ ಟ್ಯಾಗ್, ಅಂದರೆ ಆ ಬರಹದ ಜಾಗಕ್ಕಿಟ್ಟ ಒಳಹೆಸರು, ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಸಾದಾ ಟೆಕ್ಸ್ಟ್ ಬರೆದು ಮುಚ್ಚಿದ್ದರು. ನೋಡುವವರ ಕಣ್ಣಿಗೆ ಎಲ್ಲ ಒಂದೇ. ಕಂಪ್ಯೂಟರಿನ ಕಣ್ಣಿಗೆ ಅಲ್ಲಿ ಟೈಟಲ್ ಬ್ಲಾಕೇ ಇಲ್ಲ.

ಪೆನ್ನಿನ ಕಥೆ ಇನ್ನೂ ಚಂದ. ಆಟೋಕ್ಯಾಡ್‌ನಲ್ಲಿ ಬಣ್ಣ ನೋಡಿ ಗೆರೆಯ ದಪ್ಪ ಕೊಡುವ ಸಿಟಿಬಿ ಫೈಲ್ ಇರುತ್ತದೆ. ಕೆಂಪು ಎಷ್ಟು, ಹಳದಿ ಎಷ್ಟು ಅಂತ 255 ಬಣ್ಣಕ್ಕೂ ಅದರಲ್ಲಿ ಲೆಕ್ಕ. ನಮ್ಮ ಆಫೀಸಿನಲ್ಲಿ ಅಂಥ ಫೈಲ್ ನಾಲ್ಕು ಇದ್ದವು. ಸರ್ ಅವರ ಹಳೆಯ ಪಾಲುದಾರರದ್ದೊಂದು, ನಂದೊಂದು, ಹುಡುಗ ಕಾಲೇಜಿನಿಂದ ತಂದದ್ದೊಂದು, ಯಾರದ್ದೆಂದು ಯಾರಿಗೂ ಗೊತ್ತಿಲ್ಲದ್ದೊಂದು. ಒಂದರಲ್ಲಿ ಕೆಂಪು ತೆಳು, ಇನ್ನೊಂದರಲ್ಲಿ ಕೆಂಪು ದಪ್ಪ. ಕೆಂಪುಕಲ್ಲಿನ ಗೋಡೆ ತೋರಿಸುವ ಹ್ಯಾಚ್ ಗೆರೆಗಳು ಒಂದು ಶೀಟ್‌ನಲ್ಲಿ ನವಿರಾಗಿ ಬಂದರೆ ಇನ್ನೊಂದರಲ್ಲಿ ಮಸಿ ಬಳಿದ ಹಾಗೆ ಬರುತ್ತಿತ್ತು. ಇಷ್ಟು ವರ್ಷ ನಾವು ಇದನ್ನು ಪ್ರಿಂಟ್ ಅಂಗಡಿಯ ಟೋನರಿನ ತಪ್ಪು ಅಂತ ಹೇಳುತ್ತಿದ್ದೆವು. ಅಣ್ಣ ಪಾಪ ಎರಡು ಸಲ ಮೆಷಿನ್ ಕ್ಲೀನ್ ಮಾಡಿಸಿದ್ದಾರೆ.

ಸ್ಕ್ರಿಪ್ಟ್ ಹನ್ನೆರಡು ಸಾಲು. ಬರೆಯಲಿಕ್ಕೆ ಒಂದು ಮಧ್ಯಾಹ್ನ. ಈ ಹೆಸರುಗಳನ್ನು ಸರಿ ಮಾಡಲಿಕ್ಕೆ ತುಳುವರ ಆಟಿ ತಿಂಗಳು ಪೂರ್ತಿ ಹೋಯಿತು. ಆಟಿಯಲ್ಲಿ ಮಳೆಗೆ ಸೈಟ್ ಕೆಲಸ ಹೇಗೂ ನಿಧಾನ, ಸರ್ ಕೂಡ ಆಫೀಸಿನಲ್ಲೇ ಕೂರುತ್ತಾರೆ. ಲೇಔಟಿನ ಹೆಸರು ಏನಿರಬೇಕು ಅಂತ ನಾವು ಮೂರು ದಿನ ಜಗಳ ಮಾಡಿದ್ದೇವೆ ಅಂದರೆ ನೀವು ನಂಬಲಿಕ್ಕಿಲ್ಲ. ಸ್ಟ್ರಕ್ಚರ್ ನೋಡುವವರಿಗೆ ಶೀಟಿನ ನಂಬರೇ ಹೆಸರಾಗಬೇಕು. ಹುಡುಗನಿಗೆ ಪೇಪರ್ ಸೈಜ್ ಇರಬೇಕು. ನನಗೆ ಯಾವುದಾದರೂ ಸರಿ, 38ರಲ್ಲೂ ಒಂದೇ ಇರಬೇಕು. ಕೊನೆಗೆ 'ಪ್ರಿಂಟ್' ಅಂತ ಆಯಿತು. ಸಿಟಿಬಿ ಒಂದೇ ಉಳಿಯಿತು, ಉಳಿದ ಮೂರನ್ನು ಬೇರೆ ಫೋಲ್ಡರಿಗೆ ಹಾಕಿದೆ. ಅಳಿಸುವ ಧೈರ್ಯ ಇನ್ನೂ ಬಂದಿಲ್ಲ.

ಆಟಿ ಮುಗಿದು ಸೋಣ ಬಂತು, ರಿವಿಜನ್ ಕೂಡ ಬಂತು. ಆರ್1 ಇದ್ದದ್ದು ಆರ್2 ಆಗಬೇಕು. ಪ್ರಿಂಟ್ ಮಾತ್ರ ಅಲ್ಲ, ಟೈಟಲ್ ಬ್ಲಾಕಿನ ನಂಬರನ್ನೂ ಸ್ಕ್ರಿಪ್ಟೇ ತಿದ್ದಲಿ ಅಂತ ನನಗೆ ಆಸೆ. ಅದಕ್ಕೆ ಅಟ್‌ಎಡಿಟ್ ಅಂತ ಒಂದು ಕಮಾಂಡ್ ಇದೆ, ಇದಕ್ಕೂ ಮುಂದೆ ಹೈಫನ್. ಒಂದೊಂದಾಗಿ ತಿದ್ದಬೇಕಾ ಅಂತ ಕೇಳುತ್ತದೆ, ಬೇಡ ಅನ್ನಬೇಕು. ಪರದೆಯಲ್ಲಿ ಕಾಣುವುದನ್ನು ಮಾತ್ರವಾ ಅಂತ ಕೇಳುತ್ತದೆ, ಅದಕ್ಕೂ ಇಲ್ಲ. ಆಮೇಲೆ ಯಾವ ಬ್ಲಾಕ್, ಯಾವ ಟ್ಯಾಗ್, ಅದರಲ್ಲಿ ಈಗಿರುವ ಬರಹ ಯಾವುದು ಅಂತ ಮೂರು ಪ್ರಶ್ನೆ. ಏನೂ ಹೇಳದೆ ಎಂಟರ್ ಕೊಟ್ಟರೆ ನಕ್ಷತ್ರ ಚಿಹ್ನೆ, ಅಂದರೆ 'ಎಲ್ಲವೂ'. ಕೊನೆಗೆ ಯಾವ ಅಕ್ಷರ ತೆಗೆದು ಯಾವ ಅಕ್ಷರ ಹಾಕಬೇಕು.

ನಾನು ಬ್ಲಾಕಿನ ಹೆಸರು ಕೊಟ್ಟೆ. ಟ್ಯಾಗ್ ಕೇಳಿದಾಗ ಎಂಟರ್ ಕೊಟ್ಟೆ. ಆರ್1 ಅಂತ ಬೇರೆಲ್ಲಿ ಇರುತ್ತದೆ ಹೇಳಿ? ಆರ್1 ತೆಗೆದು ಆರ್2 ಹಾಕು.

38 ಶೀಟ್ ಆರು ನಿಮಿಷದಲ್ಲಿ ಮುಗಿಯಿತು. ನಾನು ಕೈ ಕಟ್ಟಿ ಕೂತು ನೋಡಿದೆ. ಫೈಲ್ ತಾನೇ ತೆರೆಯುತ್ತದೆ, ತಾನೇ ಪ್ರಿಂಟ್ ಆಗುತ್ತದೆ, ತಾನೇ ಮುಚ್ಚುತ್ತದೆ. ಹುಡುಗ ವಿಡಿಯೋ ಮಾಡಿದ. ಸರ್ ಬಂದು ನೋಡಿ "ಅಡ್ಡಿಲ್ಲ ಮಾರಾಯ್ರೆ" ಅಂದರು, ಅವರ ಬಾಯಲ್ಲಿ ಅದು ದೊಡ್ಡ ಮಾತು. ಆರು ಇಪ್ಪತ್ತಕ್ಕೆ ನಾನು ಲಾಲ್‌ಬಾಗಿನಲ್ಲಿದ್ದೆ.

ಮೂರು ದಿನ ಬಿಟ್ಟು ಸೈಟಿನಿಂದ ಮೇಸ್ತ್ರಿ ಫೋನ್ ಮಾಡಿದರು. "ಅಕ್ಕಾ, 24 ಎರಡು ಉಂಟಲ್ಲ. ಒಂದರಲ್ಲಿ ಮೆಟ್ಟಿಲು, ಒಂದರಲ್ಲಿ ಟಾಯ್ಲೆಟ್. ಯಾವುದು ಸರಿ?"

ಮೆಟ್ಟಿಲಿನ ಶೀಟ್ 14. ಎಆರ್14. ಈಗ ಆ ಹೆಸರನ್ನು ನಿಧಾನವಾಗಿ ಓದಿ. ಎ, ಆಮೇಲೆ ಆರ್1, ಆಮೇಲೆ 4. ನಾನು ಟ್ಯಾಗ್ ಹೇಳಿರಲಿಲ್ಲವಲ್ಲ, ಹಾಗಾಗಿ ಅದು ರಿವಿಜನ್ ಡಬ್ಬಿಯನ್ನೂ ನೋಡಿತು, ಶೀಟ್ ನಂಬರಿನ ಡಬ್ಬಿಯನ್ನೂ ನೋಡಿತು. ಎಲ್ಲೆಲ್ಲಿ ಆರ್1 ಕಂಡಿತೋ ಅಲ್ಲೆಲ್ಲ ಆರ್2. ಎಆರ್10ರಿಂದ ಎಆರ್19ರವರೆಗಿನ ಹತ್ತೂ ಶೀಟ್ ಎಆರ್20ರಿಂದ ಎಆರ್29 ಆಗಿಬಿಟ್ಟಿತ್ತು. ಆ ನಂಬರಿನ ಶೀಟ್‌ಗಳು ಮೊದಲೇ ಇದ್ದವು. ಸೈಟಿಗೆ ಹೋದ ಮೂರು ಸೆಟ್‌ನಲ್ಲೂ ಹತ್ತರಿಂದ ಹತ್ತೊಂಬತ್ತು ಇಲ್ಲವೇ ಇಲ್ಲ, ಇಪ್ಪತ್ತರಿಂದ ಇಪ್ಪತ್ತೊಂಬತ್ತು ಎರಡೆರಡು.

ಪಿಡಿಎಫ್ ಹೆಸರು ಡ್ರಾಯಿಂಗ್ ಫೈಲಿನ ಹೆಸರಿನಿಂದ ಬರುವುದರಿಂದ ಅದು ಸರಿಯೇ ಇತ್ತು. ಫೋಲ್ಡರ್ ನೋಡಿದರೆ 01ರಿಂದ 38 ಚಂದ ಸಾಲಾಗಿ ಕೂತಿದ್ದವು. ಅಂಗಡಿಯ ಅಣ್ಣನೂ ಅದನ್ನೇ ಎಣಿಸಿ ಪ್ರಿಂಟ್ ಕೊಟ್ಟಿದ್ದಾರೆ. ಒಳಗೆ ತೆರೆದು ನೋಡಿದವರು ಮೇಸ್ತ್ರಿ ಒಬ್ಬರೇ. ಅವರು ಕೇಳಿದ್ದರಿಂದ ಬಚಾವ್. ಮೆಟ್ಟಿಲಿನ ಸೆಂಟ್ರಿಂಗ್ ಆಗಷ್ಟೇ ಶುರು ಮಾಡುವವರಿದ್ದರು, ಹಳೆಯ 14 ಇಟ್ಟುಕೊಂಡೇ ಮಾಡಿದ್ದರೆ ಎರಡು ಮೆಟ್ಟಿಲು ಕಮ್ಮಿ ಆಗುತ್ತಿತ್ತು. ಆ ರಿವಿಜನ್ ಬಂದದ್ದೇ ಆ ಎರಡು ಮೆಟ್ಟಿಲಿಗಾಗಿ.

ಕೈಯಾರೆ ಮಾಡುತ್ತಿದ್ದಾಗ ನನ್ನಿಂದ ಒಂದೋ ಎರಡೋ ಶೀಟ್ ತಪ್ಪುತ್ತಿತ್ತು. ಸ್ಕ್ರಿಪ್ಟಿನಿಂದ ಒಮ್ಮೆಗೇ ಹತ್ತು ತಪ್ಪಿತು, ಅದೂ ಅಕ್ಷರ ಬಿಡದೆ ನಾನು ಹೇಳಿದ ಹಾಗೆಯೇ ಮಾಡಿ. ಸರ್ ಬೈಯಲಿಲ್ಲ. "ಇನ್ನು ನಂಬರಿಗೆ ಹೈಫನ್ ಹಾಕುವ" ಅಂದರು. ಅದು ಒಳ್ಳೆ ಸಲಹೆಯೇ, ಎಆರ್-14 ಅಂತ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ. ನಾನು ಟ್ಯಾಗ್ ಹೆಸರನ್ನೂ ಹಾಕಿದೆ. ಈಗ ಯಾವ ಸ್ಕ್ರಿಪ್ಟ್ ಆದರೂ ಮೊದಲು ಫೋಲ್ಡರಿನ ಕಾಪಿ ಮೇಲೆ ಓಡುತ್ತದೆ. ಆಮೇಲೆ ಮೊದಲ ಶೀಟ್, ಕೊನೆಯ ಶೀಟ್, ನಡುವಿನಿಂದ ಕಣ್ಣು ಮುಚ್ಚಿ ಹೆಕ್ಕಿದ ಮೂರು ಶೀಟ್, ಐದನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಅದಕ್ಕೆ ಹತ್ತು ನಿಮಿಷ ಹೋಗುತ್ತದೆ, ಹೋಗಲಿ.

ಶೀಟ್‌ಗಳನ್ನೆಲ್ಲ ಒಟ್ಟಿಗೆ ಪ್ರಿಂಟ್ ಮಾಡುವ ಪಬ್ಲಿಶ್ ಅಂತ ಕಮಾಂಡ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕ್ಯಾಡ್ ಗೊತ್ತಿದ್ದವರು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಬರೀ ಪ್ರಿಂಟ್ ಸಾಕಾದರೆ ಪಬ್ಲಿಶ್ ಒಳ್ಳೆಯದು, ಶೀಟ್‌ಗಳ ಪಟ್ಟಿಯನ್ನು ಸೇವ್ ಕೂಡ ಮಾಡಬಹುದು. ಆದರೆ ಅದು ಫೈಲಿನ ಒಳಗೆ ಏನನ್ನೂ ತಿದ್ದುವುದಿಲ್ಲ. ನನಗೆ ರಿವಿಜನ್ ಬದಲಾಗಬೇಕು, ಫ್ರೀಜ್ ಆಗಿ, ಅಂದರೆ ಕಾಣದ ಹಾಗೆ ಮುಚ್ಚಿ, ಉಳಿದ ಲೇಯರ್ ತೆರೆಯಬೇಕು, ಪರ್ಜ್ ಆಗಿ ಉಪಯೋಗವಿಲ್ಲದ್ದೆಲ್ಲ ಹೋಗಬೇಕು. ಫುಲ್ ಆಟೋಕ್ಯಾಡ್ ಇರುವವರಿಗೆ ಇನ್ನೂ ಒಳ್ಳೆ ದಾರಿ ಉಂಟು. 2013ರ ವರ್ಷನ್‌ನಿಂದ ಅದರ ಜೊತೆ ಕೋರ್ ಕನ್ಸೋಲ್ ಅಂತ ಬರುತ್ತದೆ. ಕಿಟಕಿಯೇ ಇಲ್ಲದ ಆಟೋಕ್ಯಾಡ್ ಅದು, ಬರೀ ಕಪ್ಪು ಪರದೆ. ಯಾವ ಫೈಲ್, ಯಾವ ಸ್ಕ್ರಿಪ್ಟ್ ಅಂತ ಹೇಳಿದರೆ ಸಾಕು. ಮಣಿಪಾಲದಲ್ಲಿ ಕೆಲಸ ಮಾಡುವ ನನ್ನ ಗೆಳತಿ ಒಂದು ಬ್ಯಾಚ್ ಫೈಲ್ ಮಾಡಿ ಫೋಲ್ಡರಿನ ಎಲ್ಲ ಡ್ರಾಯಿಂಗಿಗೂ ಅದನ್ನು ಓಡಿಸುತ್ತಾಳೆ, ಅಷ್ಟು ಹೊತ್ತು ಬೇರೆ ಡ್ರಾಯಿಂಗ್ ಮಾಡುತ್ತಿರುತ್ತಾಳೆ. ನನ್ನದು ಓಡುವಾಗ ನಾನು ಮೌಸ್ ಮುಟ್ಟುವ ಹಾಗಿಲ್ಲ. ಚಾ ಕುಡಿಯಲಿಕ್ಕೆ ಅದೇ ನೆಪ.

ಎಲ್‌ಟಿ ಹೊಸದು ಮಾಡಿದ ಮೇಲೆ ನನ್ನ ಹುಚ್ಚು ಸ್ವಲ್ಪ ಜಾಸ್ತಿಯಾಯಿತು. ಆಟೋಲಿಸ್ಪ್ ಫುಲ್ ಆಟೋಕ್ಯಾಡ್‌ಗೆ 1986ರಲ್ಲೇ ಬಂದಿತ್ತು, ಎಲ್‌ಟಿಗೆ ಬಂದದ್ದು 2024ರ ವರ್ಷನ್‌ನಲ್ಲಿ. ಲಿಸ್ಪ್ ಭಾಷೆ ಅದಕ್ಕಿಂತಲೂ ಹಳೆಯದು, 1958ರದ್ದು. ನೋಡಿದರೆ ಬರೀ ಆವರಣ ಚಿಹ್ನೆ. ತೆರೆದ ಒಂದೊಂದು ಆವರಣವನ್ನೂ ಮುಚ್ಚಿದ್ದೇವಾ ಅಂತ ಎಣಿಸುವುದರಲ್ಲೇ ನನ್ನ ಮೊದಲ ವಾರ ಹೋಯಿತು.

ನಾನು ಬರೆದ ಮೊದಲ ಉಪಯೋಗದ ಲಿಸ್ಪ್ ಸೆಂಟ್ಸ್ ಲೆಕ್ಕದ್ದು. ನಮ್ಮ ಕಡೆ ಜಾಗ ಅಂದರೆ ಸೆಂಟ್ಸ್. ಘಟ್ಟದ ಮೇಲಿನವರು ಗುಂಟೆ ಅಂದರೆ ನಮಗೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ, ಒಂದು ಗುಂಟೆ ಎರಡೂವರೆ ಸೆಂಟ್ಸ್. ಡ್ರಾಯಿಂಗ್‌ನಲ್ಲಿ ಚದರ ಮೀಟರ್ ಹಾಕುತ್ತೇವೆ, ಮನೆ ಕಟ್ಟುವವರು ಬಂದು "ಇದು ಎಷ್ಟು ಸೆಂಟ್ಸ್ ಆಯ್ತು?" ಅಂತ ಕೇಳುತ್ತಾರೆ. ಒಂದು ಸೆಂಟ್ ಅಂದರೆ 435.6 ಚದರ ಅಡಿ, 40.47 ಚದರ ಮೀಟರ್. ಪ್ರತಿ ಸಲ ಕ್ಯಾಲ್ಕುಲೇಟರ್ ಒತ್ತುವ ಬದಲು ಜಾಗದ ಸುತ್ತ ಎಳೆದ ಪಾಲಿಲೈನ್ ಗೆರೆ ಮುಟ್ಟಿದರೆ ಎರಡೂ ಲೆಕ್ಕವನ್ನು ಮಧ್ಯದಲ್ಲಿ ಬರೆಯುವ ಹಾಗೆ ಮಾಡಿದೆ. ಹುಡುಗ ಒಂದು ಸರ್ವೆ ಡ್ರಾಯಿಂಗ್ ಮೇಲೆ ಓಡಿಸಿದ. ಹನ್ನೆರಡು ಸೆಂಟ್ಸ್ ಜಾಗಕ್ಕೆ 0.00 ಸೆಂಟ್ಸ್ ಅಂತ ಬಂತು. ಜಾಗದ ಯಜಮಾನರು ಪಕ್ಕದಲ್ಲೇ ಕೂತಿದ್ದರು.

ತೊಂದರೆ ಏನೆಂದರೆ ನಾವು ಮಿಲಿಮೀಟರಿನಲ್ಲಿ ಗೀಚುತ್ತೇವೆ, ಸರ್ವೆಯವರು ಮೀಟರಿನಲ್ಲಿ ಕೊಡುತ್ತಾರೆ. ಒಂದು ಚದರ ಮೀಟರಿನಲ್ಲಿ ಹತ್ತು ಲಕ್ಷ ಚದರ ಮಿಲಿಮೀಟರ್. ಅಷ್ಟರಿಂದ ಭಾಗಿಸಿದರೆ ಹನ್ನೆರಡು ಸೆಂಟ್ಸ್ ಎಲ್ಲಿ ಉಳಿಯುತ್ತದೆ? ಫೈಲಿನಲ್ಲಿ ಯಾವ ಅಳತೆ ಅಂತ ಹೇಳುವ ಇನ್‌ಸುನಿಟ್ಸ್ ಅಂತ ಒಂದು ಸೆಟ್ಟಿಂಗ್ ಇದೆ, 4 ಅಂದರೆ ಮಿಲಿಮೀಟರ್, 6 ಅಂದರೆ ಮೀಟರ್. ಅದನ್ನು ನೋಡಿ ಲೆಕ್ಕ ಹಾಕಲಿ ಅಂತ ಬರೆದೆ. ಆಮೇಲೆ ಗೊತ್ತಾಯಿತು, ಆ ಸೆಟ್ಟಿಂಗನ್ನು ಯಾರೂ ಸರಿಯಾಗಿ ಇಡುವುದಿಲ್ಲ. ಈಗ ನನ್ನ ಲಿಸ್ಪ್ ಬಾಯಿಬಿಟ್ಟು ಕೇಳುತ್ತದೆ, ಮೀಟರಾ ಮಿಲಿಮೀಟರಾ ಅಂತ. ಪೂರ್ತಿ ಸ್ವಯಂಚಾಲಿತ ಅಲ್ಲ. ಆದರೆ ಯಜಮಾನರ ಮುಂದೆ ಸೊನ್ನೆ ಬರುವುದಿಲ್ಲ.

ಬೇರೆಯವರು ಕಳಿಸಿದ ಲಿಸ್ಪ್ ಬಗ್ಗೆ ಒಂದು ಮಾತು. ಹಿಂದೆ ನಾನಿದ್ದ ಆಫೀಸಿನಲ್ಲಿ ಹೊರಗಿನಿಂದ ಬಂದ ಫೋಲ್ಡರಿನ ಜೊತೆ ಎಸಿಎಡಿ ಅನ್ನುವ ಹೆಸರಿನ ಒಂದು ಲಿಸ್ಪ್ ಫೈಲ್ ಬಂದು, ತೆರೆದ ಫೋಲ್ಡರಿಗೆಲ್ಲ ತನ್ನನ್ನು ತಾನೇ ಕಾಪಿ ಮಾಡಿಕೊಳ್ಳುತ್ತಿತ್ತು. ಆ ಹೆಸರಿನ ಫೈಲನ್ನು ಆಟೋಕ್ಯಾಡ್ ಕೇಳದೆಯೇ ಓಡಿಸುತ್ತಿದ್ದ ಕಾಲ ಅದು. ಈಗ ನಂಬಿಕೆಯ ಪಟ್ಟಿಯಲ್ಲಿ ಇಲ್ಲದ ಫೋಲ್ಡರಿನಿಂದ ಏನಾದರೂ ಲೋಡ್ ಆಗುವಾಗ ಎಚ್ಚರಿಕೆ ಬರುತ್ತದೆ. ಹುಡುಗನಿಗೆ ಹೇಳಿದ್ದೇನೆ, ಆ ಎಚ್ಚರಿಕೆ ಬಂದರೆ ಓಕೆ ಒತ್ತಬೇಡ, ನನ್ನನ್ನು ಕರಿ ಅಂತ.

ಸಮಯ ಉಳಿಯಿತಾ ಅಂತ ಕೇಳಿದರೆ, ಉಳಿದದ್ದು ನನಗಲ್ಲ. ಮೊದಲು ಸರ್ ಐದಕ್ಕೆ ಹೇಳುತ್ತಿದ್ದ ರಿವಿಜನ್ನನ್ನು ಈಗ ಆರಕ್ಕೆ ಹೇಳುತ್ತಾರೆ. "ಸ್ಕ್ರಿಪ್ಟ್ ಉಂಟಲ್ಲ" ಅನ್ನುತ್ತಾರೆ. ಮೊದಲಾದರೆ ಒಂದೂವರೆ ಗಂಟೆ ಹಿಡಿಯುವ ಕೆಲಸ ಅಂತ ನಾಲ್ಕು ಬದಲಾವಣೆ ಸೇರಿಸಿ ಒಂದು ರಿವಿಜನ್ ಮಾಡುತ್ತಿದ್ದರು. ಈಗ ಒಂದು ಕಿಟಕಿ ಆರಿಂಚು ಸರಿದರೂ ಹೊಸ ರಿವಿಜನ್. ಪೇಪರಿನ ಬಿಲ್ ನೋಡಿದರೆ ಗೊತ್ತಾಗುತ್ತದೆ, ಅಂಗಡಿಯ ಅಣ್ಣ ಮಾತ್ರ ಖುಷಿ.

ಆ ಅಪಾರ್ಟ್‌ಮೆಂಟ್ ಇನ್ನೂ ಮುಗಿದಿಲ್ಲ. ನಿನ್ನೆ ಸಂಜೆ ಆರು ಗಂಟೆಗೆ ಆರ್9 ಇದ್ದದ್ದು ಆರ್10 ಆಗಬೇಕು ಅಂದರು. ಟ್ಯಾಗ್ ಸರಿ ಇದೆ, ಕಾಪಿ ಫೋಲ್ಡರ್ ಇದೆ, ಓಡಿಸಿದೆ, ಐದು ಶೀಟ್ ತೆರೆದು ನೋಡಿದೆ. ರಿವಿಜನ್ ಬರೆಯುವ ಆ ಡಬ್ಬಿ ಎರಡು ಅಕ್ಷರಕ್ಕೆ ಮಾಡಿದ್ದು. ಸೊನ್ನೆ ಗೆರೆ ದಾಟಿ ಪಕ್ಕದ ತಾರೀಕಿನ ಮನೆಗೆ ಹೋಗಿ ಕೂತಿದೆ, 38ರಲ್ಲೂ. ಇವತ್ತು ಶನಿವಾರ, ಆಫೀಸಿನಲ್ಲಿ ನಾನೊಬ್ಬಳೇ. ಡಬ್ಬಿ ಅಗಲ ಮಾಡಿದ ಹೊಸ ಟೈಟಲ್ ಬ್ಲಾಕನ್ನು ಹಳೆಯದರ ಮೇಲೆ ಹಾಕುವ ಸ್ಕ್ರಿಪ್ಟ್ ಬರೆದಿದ್ದೇನೆ, ಏಳು ಸಾಲು. ನಾಲ್ಕನೇ ಸಾಲಿನ ಕೊನೆಯಲ್ಲಿ ಸ್ಪೇಸ್ ಇದೆಯಾ ಇಲ್ಲವಾ ಅಂತ ಕರ್ಸರ್ ಇಟ್ಟು ನೋಡುತ್ತಾ ಕೂತಿದ್ದೇನೆ. ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇದೆ.